ಅತ್ತೆಯ ತುರಿಕೆ, ಅಳಿಯನ ವಿಮಾನ

ನನ್ನ ಅತ್ತೆಯನ್ನು ಮಾಲಿನಂತೆ ಕಣ್ಣಳತೆಯಲ್ಲಿ ತೂಗಿದರೆ: ನಲವತ್ತೊಂದು ಕಿಲೋ, ಎಪ್ಪತ್ತೆಂಟು ವರ್ಷದ ನೇಯ್ಗೆ, ಅಂಚು ಸವೆದಿದೆ, ಬಣ್ಣ ಬಿಟ್ಟಿಲ್ಲ, ಬಾಯಿಯ ಹೊಲಿಗೆ ಮಾತ್ರ ಪೂರ್ತಿ ಬಿಚ್ಚಿಕೊಂಡಿದೆ. ಕೊರಿಯಾದ ದೇಗು ಊರಿನ ಪೇಟೆಯಲ್ಲಿ ಮೂವತ್ತು ವರ್ಷ ರಜಾಯಿ ಮಾರಿದವನ ಅಂದಾಜು ತಪ್ಪುವುದಿಲ್ಲ. (ತಪ್ಪಿತು. ಹೇಳುತ್ತೇನೆ.)

ಅತ್ತೆ ವೃದ್ಧಾಶ್ರಮ ಬಿಟ್ಟು ನಮ್ಮ ಮನೆಗೆ ಬಂದ ಮೂರನೆಯ ದಿನ ನನಗೆ ತುರಿಕೆ ಶುರುವಾಯಿತು. ಅವರೂ ಕೆರೆದುಕೊಳ್ಳುತ್ತಿದ್ದರು. ಇನ್ನೇನು ಸಾಕ್ಷಿ ಬೇಕು?

"ನಿಮ್ಮಮ್ಮ ಆಶ್ರಮದಿಂದ ತುರಿಕಜ್ಜಿ ತಂದಿದ್ದಾರೆ. ವಾಪಸ್ ಕಳಿಸು," ಎಂದೆ ಹೆಂಡತಿ ಗೆಸುನ್‌ಗೆ.

"ನೀವ್ಯಾವಾಗ ಡಾಕ್ಟ್ರಾದ್ರಿ?"

"ಆಸ್ಪತ್ರೇಲಿ ಚರ್ಮದ ಫೋಟೋ ತೆಗೆದು ಹುಳ ತೋರಿಸ್ತಾರಂತೆ. ಯಾರ ಮೈಲಿ ಸಿಗುತ್ತೋ ಅವರು ಮನೆ ಬಿಡಬೇಕು."

"ಯಾರೇ ಆದ್ರೂ?"

"ಯಾರೇ ಆದ್ರೂ!"

ವೈದ್ಯರ ಮುಂದೆ ಕೊಳಕು ಮೈಯಲ್ಲಿ ಹೋಗುವ ವಂಶ ನಮ್ಮದಲ್ಲ. ಬೆಳಿಗ್ಗೆಯೇ ಊರ ಸ್ನಾನದ ಮನೆಯಲ್ಲಿ ಬಿಸಿನೀರಿನಲ್ಲಿ ನೆನೆದು, ಮೈಯುಜ್ಜುವವನಿಂದ ಹಸಿರು ಒರಟು ಬಟ್ಟೆಯಲ್ಲಿ ತಿಕ್ಕಿಸಿಕೊಂಡೆ. ಬೇಯಿಸಿದ ಸೀಗಡಿಯಂತೆ ಕೆಂಪಗಾಗಿ, ಪರಮ ಪರಿಶುದ್ಧನಾಗಿ ಹೊರಟೆ.

ಡಾಕ್ಟರಮ್ಮ ದೀಪವಿದ್ದ ಪುಟ್ಟ ಮಸೂರವನ್ನು ಅತ್ತೆಯ ಕೈಮೇಲೆಲ್ಲ ಆಡಿಸಿದರು. ಪರದೆಯ ಮೇಲೆ ಬರೀ ಬಿರುಕು. "ಹುಳ ಇಲ್ಲ ಅಜ್ಜಿ. ಚಳಿಗೆ ಅಡಿಯಿಂದ ಕಾಯಿಸೋ ಬಿಸಿ ನೆಲದ ಮೇಲೆ ಮಲಗಿ ಚರ್ಮ ಒಣಗಿದೆ ಅಷ್ಟೆ."

"ಇನ್ನೊಂದ್ಸಲ ನೋಡಿ," ಎಂದು ಅತ್ತೆಯತ್ತ ಬೆರಳು ತೋರಿಸಿದೆ. ಅವರು ಆ ಬೆರಳನ್ನೇ ಹಿಡಿದುಕೊಂಡರು.

ನನ್ನ ಬೆರಳಸಂದಿ ಪರದೆ ತುಂಬ ಹರಡಿತು. ಕಂದು ಬಣ್ಣದ ಪುಟ್ಟ ತ್ರಿಕೋನ. ಅದರ ಹಿಂದೆ ಉದ್ದನೆಯ ಬಿಳಿ ಗೆರೆ. ಥೇಟ್ ಹೊಗೆ ಬಿಟ್ಟುಕೊಂಡು ಹೋಗುವ ವಿಮಾನ.

"ಇದೇ ಹುಳ," ಎಂದರು.

"ಸಾಧ್ಯವೇ ಇಲ್ಲ! ಈಗಷ್ಟೇ ಉಜ್ಜಿಸಿಕೊಂಡು ಬಂದೆ!"

"ಉಜ್ಜಿದ್ರೆ ಹೋಗೋದು ಕೊಳೆ. ಇದು ಒಳಗೆ ಮನೆ ಮಾಡಿದೆ. ಮೊದಲನೇ ಸಲ ಅಂಟಿದ್ರೆ ತುರಿಕೆ ಬರೋಕೆ ತಿಂಗಳು ಬೇಕು. ತಿಂಗಳ ಹಿಂದೆ ಬೇರೆ ಯಾರದಾದ್ರೂ ಹಾಸಿಗೇಲಿ ಮಲಗಿದ್ರಾ?"

(ಹೆಂಡತಿಯ ಮುಂದೆ ಇಂಥ ಪ್ರಶ್ನೆ ಕೇಳಬಾರದೆಂದು ವೈದ್ಯ ಕಾಲೇಜಿನಲ್ಲಿ ಕಲಿಸುವುದಿಲ್ಲವೇ?)

ಗೆಸುನ್ ಮೆಲ್ಲಗೆ ನನ್ನತ್ತ ತಿರುಗಿದಳು. ಪ್ರಾಣ ಉಳಿಸಿಕೊಳ್ಳಲು ನಿಜ ಹೇಳಿದೆ. ಹೋದ ತಿಂಗಳು, ಬಾಗಿಲು ಮುಚ್ಚುತ್ತಿದ್ದ ಒಂದು ಸತ್ರದಿಂದ ಇಪ್ಪತ್ತು ರೇಷ್ಮೆ ರಜಾಯಿ ಅಗ್ಗಕ್ಕೆ ಹೊಡೆದುಕೊಂಡಿದ್ದೆ. ಹೊದ್ದು ನೋಡದೆ ಮಾಲು ಕೊಳ್ಳುವವನು ನಾನಲ್ಲ. ಅತಿಥಿಗಳ ಮೈಬಿಸಿ ಆರುವ ಮೊದಲೇ ಇಪ್ಪತ್ತರೊಳಗೂ ಹೊಕ್ಕು ಹೊರಳಾಡಿದ್ದೆ.

"ಪೆಟ್ಟಿಗೆ ಕಟ್ಕೊಳ್ಳಿ," ಎಂದಳು ಗೆಸುನ್. "ಯಾರೇ ಆದ್ರೂ ಅಂದ್ರಲ್ಲ."

"ಸುಮ್ನಿರೇ," ಎಂದರು ಅತ್ತೆ. "ಇವರನ್ನ ಯಾವ ಆಶ್ರಮದವರು ಸೇರಿಸ್ಕೋತಾರೆ? ಅಳಿಯಂದಿರೇ, ನಡೀರಿ. ವಿಮಾನ ಇಳಿಸೋಣ."

ಡಾಕ್ಟರಮ್ಮ ಕೊಟ್ಟ ಮುಲಾಮನ್ನು ಮನೆಯವರೆಲ್ಲ ಕತ್ತಿನಿಂದ ಕಾಲಿನವರೆಗೆ ಹಚ್ಚಿಕೊಳ್ಳಬೇಕಿತ್ತು. ನನ್ನ ಬೆನ್ನು ನನಗೆ ಎಟುಕುವುದಿಲ್ಲ. ಗೆಸುನ್ ಮುಖ ತಿರುಗಿಸಿದಳು. ಕಿಮ್ಚಿ ಉಪ್ಪಿನಕಾಯಿ ಕಲಸುವ ಕೆಂಪು ರಬ್ಬರ್ ಗ್ಲೌಸ್ ತೊಟ್ಟು, ಎಲೆಕೋಸಿಗೆ ಖಾರ ಸವರುವ ಹಾಗೆ, ಒಂದು ಮಡಿಕೆಯನ್ನೂ ಬಿಡದೆ ಹಚ್ಚಿದವರು ಅತ್ತೆ.

ಈ ಮನೆಯಲ್ಲಿ ನಾನಿನ್ನೂ ಇರುವುದು ಅವರ ಋಣದಲ್ಲಿ. ಕ್ಷಮೆಯನ್ನು ಇನ್ನೂ ಕೇಳಿಲ್ಲ, ಅದೂ ಬಾಕಿ ಲೆಕ್ಕದಲ್ಲಿದೆ.