ಏಳು ದಿನದ ಡೇರೆ ಹೂ

ಸೆಪ್ ಹೆಪಲ್ ಕತ್ತರಿಯನ್ನು ತೋಟದಲ್ಲಿ ಮರೆತು ಬಂದಿದ್ದ. ಅಷ್ಟೇ ನಡೆದದ್ದು. ಮಿಕ್ಕಿದ್ದೆಲ್ಲ ಆ ಕತ್ತರಿಯ ಹಿಂದೆ ಬಾಲದ ಹಾಗೆ ಬಂತು.

ಅದು ಸೆಪ್ಟೆಂಬರಿನ ಒಂದು ಶನಿವಾರ, ಥಾರ್ನ್‌ಬರ್ನ್ ಗಣಿಯೂರಿನ ಹೂವಿನ ಪ್ರದರ್ಶನದ ದಿನ. ಆ ಊರಿನ ಗಂಡಸರು ವಾರವೆಲ್ಲ ನೆಲದ ಕೆಳಗೆ ಕಲ್ಲಿದ್ದಲು ಅಗೆಯುತ್ತಾರೆ. ಮೇಲೆ ಬಂದು ಮುಖ ತೊಳೆದುಕೊಂಡು ಮತ್ತೆ ಅಗೆಯುತ್ತಾರೆ, ಈ ಸಲ ಡೇರೆ ಹೂವಿಗೆ. ಹೆಂಡತಿ ಹುಟ್ಟಿದ ದಿನವನ್ನು ಮರೆತಾರು, ಡೇರೆ ಗಡ್ಡೆ ನೆಡುವ ದಿನವನ್ನು ಮರೆಯಲಾರರು. ದೊಡ್ಡ ಹೂವಿಗೊಂದು, ಚೆಂಡಿನಂಥ ಹೂವಿಗೊಂದು ಎಂದು ಬಹುಮಾನಗಳು ಹತ್ತಾರು ಇದ್ದರೂ ಊರು ಉಸಿರು ಬಿಗಿಹಿಡಿದು ಕಾಯುವುದು ‘ಬಾಳಿಕೆ ಜಾಡಿ’ಯ ಸ್ಪರ್ಧೆಗೆ. ಪ್ರದರ್ಶನದ ಹಿಂದಿನ ಶನಿವಾರ ತೋಟಗಾರರ ಸಂಘದ ಕಾರ್ಯದರ್ಶಿ ಮಿಸ್ಟರ್ ಆರ್ಡ್‌ನ ಕಣ್ಣೆದುರಿಗೇ ಐದು ಹೂ ಕೊಯ್ಯಬೇಕು. ಆತ ಒಂದೊಂದು ತೊಟ್ಟಿಗೂ ನೀಲಿ ಉಣ್ಣೆಯ ಎಳೆ ಕಟ್ಟಿ, ಗಾಜಿನ ಜಾಡಿಗೆ ನಂಬರಿನ ಚೀಟಿ ಅಂಟಿಸುತ್ತಾನೆ. ಏಳು ದಿನ ಹೂಗಳನ್ನು ಮನೆಯಲ್ಲಿ ಸಾಕಿ, ಮುಂದಿನ ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಸಭಾಭವನದ ಮೇಜಿನ ಮೇಲೆ ತಂದಿಡಬೇಕು. ಯಾರ ಹೂ ಬಾಡಿಲ್ಲವೋ ಅವರು ಗೆದ್ದ ಹಾಗೆ.

ಸೆಪ್‌ನ ನಂಬರು ಹನ್ನೊಂದು. ಈ ಸಲ ಅವನು ಗೆಲ್ಲಲೇಬೇಕಿತ್ತು. ಊರಿನವರು ಪಟ್ಟಿ ಪಟ್ಟಿಯಾಗಿ ಹಂಚಿಕೊಂಡಿದ್ದ ಸಂಘದ ತೋಟದಲ್ಲಿ ಅವನ ಪಟ್ಟಿ ನಲ್ಲಿಯ ಪಕ್ಕದ್ದು, ಇಡೀ ತೋಟಕ್ಕಿದ್ದದ್ದು ಅದೊಂದೇ ನಲ್ಲಿ. ಮೂರು ವರ್ಷ ಸಾಲಾಗಿ ಒಂದೂ ಬಹುಮಾನ ಬರದಿದ್ದರೆ ನಲ್ಲಿಯ ಪಟ್ಟಿಯನ್ನು ಮುಂದಿನವನಿಗೆ ಬಿಟ್ಟು, ಗಣಿಯ ಕಸದ ದಿಬ್ಬದ ತುದಿಗೆ ಹೋಗಬೇಕೆಂದು ಸಂಘದ ನಿಯಮ. ಸೆಪ್ ಎರಡು ವರ್ಷ ಬರಿಗೈಯಲ್ಲಿ ಮನೆಗೆ ಬಂದಿದ್ದ. ದಿಬ್ಬದ ತುದಿಯಿಂದ ನಲ್ಲಿಗೆ ನೂರೆಂಬತ್ತು ಹೆಜ್ಜೆ. ಅವನ ಮೊಣಕಾಲು ಹತ್ತನೇ ಹೆಜ್ಜೆಗೇ ಗೊಣಗತೊಡಗುತ್ತಿತ್ತು. ಸರದಿಯಲ್ಲಿ ಮುಂದೆ ನಿಂತಿದ್ದವನು ಸ್ಟೋಬಾರ್ಟ್. ಅವನಿಗೆ ಮೊಣಕಾಲು ನೋವೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ.

ಹಾಗಾಗಿ ಸೆಪ್ ಆ ಐದು ಹೂಗಳನ್ನು ಬಾಣಂತಿಯಂತೆ ನೋಡಿಕೊಂಡ. ಡೇರೆಯನ್ನು ಮೊಗ್ಗಿನಲ್ಲೇ ಕೊಯ್ದರೆ ಜಾಡಿಯಲ್ಲಿ ಅರಳುವುದಿಲ್ಲ ಎಂದು ಪೂರ್ತಿ ಅರಳಿದ ಕಡುಗೆಂಪು ಹೂಗಳನ್ನೇ ಮುಂಜಾನೆಯ ತಂಪಿನಲ್ಲಿ ಕೊಯ್ದಿದ್ದ. ತೊಟ್ಟಿನ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ, ನೀರು ತಾನಾಗಿ ಆರುವ ತನಕ ಪಕ್ಕದಲ್ಲೇ ಕೂತಿದ್ದ. ನೀರಿಗೆ ತಾಗುವ ಎಲೆಗಳನ್ನೆಲ್ಲ ಕಿತ್ತಿದ್ದ. ದಿನಾ ಬೆಳಿಗ್ಗೆ ನೀರು ಬದಲಾಯಿಸಿ, ತೊಟ್ಟನ್ನು ಉಗುರಿನಷ್ಟು ಕತ್ತರಿಸುತ್ತಿದ್ದ. ಅಡುಗೆಮನೆಯ ಹಿಂದಿನ ತಂಪು ಉಗ್ರಾಣ ಹೂವಿಗೇ ಮೀಸಲಾಯಿತು. ಬೆಣ್ಣೆ, ಹಾಲು, ಹಂದಿಮಾಂಸದ ತುಂಡು ಎಲ್ಲವೂ ಮೆಟ್ಟಿಲ ಕೆಳಗೆ ಗುಳೆ ಹೋದವು. ಸೇಬಿನ ಗಾಳಿ ಸೋಕಿದರೆ ಹೂ ಬೇಗ ಮುದಿಯಾಗುತ್ತದೆಂದು ಸೇಬಿನ ಬುಟ್ಟಿ ಹಿತ್ತಲಿನ ಕಕ್ಕಸಿಗೆ ಹೋಯಿತು.

“ನನಗೆ ಜ್ವರ ಬಂದಾಗ ಒಂದು ಲೋಟ ನೀರು ಕೊಟ್ಟಿದ್ಯಾ ನೀನು?” ಎಂದು ಹೆಂಡತಿ ಹಿಲ್ಡಾ ಕೇಳಿದ್ದಳು. “ಇಲ್ಲಿ ನೋಡಿದ್ರೆ ದಿನಾ ನೀರು ಬದಲಾಯಿಸ್ತೀಯ.”

“ಉಗ್ರಾಣದಲ್ಲಿರೋದನ್ನ ಮುಟ್ಟಬೇಡ, ಅಷ್ಟೇ.”

“ಪಕ್ಕದ ಮನೆ ಮಿಸೆಸ್ ಪೈಬಸ್ ಕಾಲು ಮುರ್ಕೊಂಡು ಕೂತಿದ್ದಾಳೆ. ಅವಳಿಗೊಂದು ಜಾಡಿ ಹೂ ಕೊಡೋಣ ಅಂತ ವಾರದಿಂದ ಬಡ್ಕೊಳ್ತಿದ್ದೀನಿ.”

“ಶನಿವಾರ ಕೊಡ್ತೀನಿ ಮಾರಾಯ್ತಿ. ಹುಳ ತಿಂದಿದ್ದು ಬೇಕಾದಷ್ಟಿದೆ.”

ಶನಿವಾರ ಬಂತು. ಎಂಟು ಗಂಟೆಗೆ ಸೆಪ್ ಜಾಡಿಯನ್ನು ಉಗ್ರಾಣದಿಂದ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟ. ಐದೂ ಹೂ ಶಾಲೆಗೆ ಹೊರಟ ಮಕ್ಕಳ ಕೆನ್ನೆಯಂತೆ ಹೊಳೆಯುತ್ತಿದ್ದವು. ಕೊನೆಯ ಸಲ ತೊಟ್ಟು ಕತ್ತರಿಸೋಣವೆಂದು ಕೈ ಚಾಚಿದರೆ ಕತ್ತರಿ ಇಲ್ಲ.

ತೋಟಕ್ಕೆ ಓಡಿದ. ಅಲ್ಲಿ ನಲ್ಲಿಯ ಪಕ್ಕ ಸ್ಟೋಬಾರ್ಟ್ ಟೇಪು ಹಿಡಿದು ಸೆಪ್‌ನ ಪಟ್ಟಿಯ ಉದ್ದ ಅಳೆಯುತ್ತಿದ್ದ.

“ಏನಯ್ಯಾ ಇದು?”

“ಏನಿಲ್ಲ ಕಣೋ. ಎಲೆಕೋಸು ಎಷ್ಟು ಸಾಲು ಬರುತ್ತೆ ಅಂತ ನೋಡ್ತಿದ್ದೆ. ನಿನ್ನ ಆ ತುದಿ ಚೂರು ಹಿಡ್ಕೋ.”

ಸೆಪ್ ಟೇಪಿನ ತುದಿ ಹಿಡಿದ. ಯಾರು ಏನು ಹಿಡಿದುಕೋ ಎಂದರೂ ಹಿಡಿದುಕೊಳ್ಳುವುದು ಅವನ ಸ್ವಭಾವ. ಅಳತೆ ಮುಗಿಸಿ, ಕತ್ತರಿ ಹುಡುಕಿ, ಮನೆಗೆ ಬರುವಷ್ಟರಲ್ಲಿ ಒಂಬತ್ತಾಗಿತ್ತು. ಮೇಜಿನ ಮೇಲೆ ನೀರಿನ ದುಂಡು ಗುರುತು ಮಾತ್ರ ಇತ್ತು.

“ಹಿಲ್ಡಾ! ಜಾಡಿ ಎಲ್ಲಿ?”

“ಶನಿವಾರ ಕೊಡ್ತೀನಿ ಅಂದಿದ್ಯಲ್ಲ, ಮಿಸೆಸ್ ಪೈಬಸ್‌ಗೆ ಕೊಟ್ಟೆ. ‘ಬೇಗ ಗುಣವಾಗಲಿ, ಪ್ರೀತಿಯಿಂದ, ಹೆಪಲ್ ಮನೆಯವರು’ ಅಂತ ಚೀಟಿನೂ ಕಟ್ಟಿದೆ. ಚೆನ್ನಾಗಿರೋದನ್ನೇ ಕೊಟ್ಟಿದ್ದೀಯ ಕಣೋ, ಅವಳ ಕಣ್ಣಲ್ಲಿ ನೀರು ಬಂತು.”

“ಅದು ಸ್ಪರ್ಧೆಯ ಜಾಡಿ ಕಣೇ!”

“ಉಗ್ರಾಣದಲ್ಲಿರೋದನ್ನ ಮುಟ್ಟಬೇಡ ಅಂದಿದ್ದೆ. ಮುಟ್ಟಲಿಲ್ಲ. ಮೇಜಿನ ಮೇಲಿರೋದರ ಬಗ್ಗೆ ನೀನು ಒಂದು ಮಾತೂ ಆಡಿರಲಿಲ್ಲ.”

ವಾದಿಸುವ ಹೊತ್ತಲ್ಲ. ಸೆಪ್ ಪಕ್ಕದ ಮನೆಗೆ ಹಾರಿದ. ಮಿಸೆಸ್ ಪೈಬಸ್ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು, ಮೂಗನ್ನು ಕರವಸ್ತ್ರದೊಳಗಿಟ್ಟುಕೊಂಡು ಕೂತಿದ್ದಳು. ಅವಳ ಕಣ್ಣಲ್ಲಿ ಬಂದದ್ದು ಪ್ರೀತಿಯ ನೀರಲ್ಲ.

“ಹೂವಾ? ತುಂಬಾ ಚೆನ್ನಾಗಿತ್ತಪ್ಪ. ಆದ್ರೆ ಹೂ ಕಂಡ್ರೆ ನನಗೆ... ಆಕ್ಷೀ! ಒಂದು ಆಸ್ಪಿರಿನ್ ಮಾತ್ರೆ ನೀರಿಗೆ ಹಾಕಿದೆ. ಹೂವಿಗೆ ಒಳ್ಳೇದಂತಲ್ಲ? ಆಮೇಲೆ ಚರ್ಚಿನ ಕಾವಲುಗಾರ ಗೌಲಂಡ್ ಸುಗ್ಗಿ ಪೂಜೆಗೆ ಹೂ ಕೇಳ್ಕೊಂಡು ಬಂದ, ಕೊಟ್ಬಿಟ್ಟೆ. ಬಂದಿದ್ದೀಯಲ್ಲ, ಆ ಗಡಿಯಾರಕ್ಕೆ ಕೀ ಕೊಟ್ಟು ಹೋಗು. ಹಾಗೇ ಆ ಕಿಟಕಿ. ಹಾಗೇ ಆ ಬೆಕ್ಕನ್ನ ಆಚೆ ಹಾಕು.”

ಸೆಪ್ ಕೀ ಕೊಟ್ಟ, ಕಿಟಕಿ ತೆಗೆದ, ಬೆಕ್ಕನ್ನು ಹೊರಗೆ ಹಾಕಿದ. ಬೆಕ್ಕು ಕಿಟಕಿಯಿಂದ ಒಳಗೆ ಬಂತು. ಮತ್ತೆ ಹಾಕಿದ. ಹತ್ತೂಕಾಲಿಗೆ ಚರ್ಚಿನ ಮುಂದೆ ಏದುಸಿರು ಬಿಡುತ್ತ ನಿಂತ.

ಮುದುಕ ಗೌಲಂಡ್ ಬಾಗಿಲಲ್ಲೇ ಪೊರಕೆ ಹಿಡಿದಿದ್ದ. “ಆ ಕೆಂಪು ಹೂವಾ? ನೀರಿಗೆ ಒಂದು ತಾಮ್ರದ ಪೆನ್ನಿ ಹಾಕಿದೆ ನೋಡು, ನನ್ನಜ್ಜಿ ಹೇಳಿಕೊಟ್ಟಿದ್ದು. ಆದ್ರೆ ಒಳಗೆ ಜಾಗ ಎಲ್ಲಿದೆ? ಕುಂಬಳಕಾಯಿ ಕೂತ ಮೇಲೆ ಪಾದ್ರಿಗೇ ಜಾಗ ಇಲ್ಲ. ಮಿಕ್ಕಿದ ಜಾಡಿಗಳನ್ನೆಲ್ಲ ಹಿಂದಿನ ಮೆಟ್ಟಿಲ ಮೇಲೆ ಇಟ್ಟೆ. ಬೇಕಾದವರು ತಗೊಂಡು ಹೋಗ್ಲಿ ಅಂತ.”

ಸೆಪ್ ಹಿಂದಕ್ಕೆ ಓಡಿದ. ಮೆಟ್ಟಿಲ ಮೇಲೆ ಡ್ಯೂಕ್ ನಿಂತಿತ್ತು. ಡ್ಯೂಕ್ ಎಂದರೆ ಗಣಿಯ ಮುದಿ ಕುದುರೆ. ಹದಿನಾರು ವರ್ಷ ನೆಲದ ಕೆಳಗೆ ಕಲ್ಲಿದ್ದಲ ಗಾಡಿ ಎಳೆದು ನಿವೃತ್ತಿಯಾದದ್ದು. ಹದಿನಾರು ವರ್ಷ ಕಾಣದಿದ್ದ ಹಸಿರನ್ನೆಲ್ಲ ಈಗ ಬಡ್ಡಿಸಮೇತ ತಿನ್ನುತ್ತಿತ್ತು. ಅದರ ಕಾಲ ಬಳಿ ಗಾಜಿನ ಚೂರು, ತುಟಿಯ ಮೇಲೆ ಕಡುಗೆಂಪು ಎಸಳು. ಸೆಪ್ ಕಡೆ ನೋಡುತ್ತ ಅದು ನಿಧಾನವಾಗಿ ಅಗಿಯಿತು, ತಾಂಬೂಲ ಜಗಿಯುವ ಜಮೀನ್ದಾರನ ಹಾಗೆ.

ಸೆಪ್ ಮೆಟ್ಟಿಲ ಮೇಲೆ ಕುಸಿದ. ನೂರೆಂಬತ್ತು ಹೆಜ್ಜೆ. ಎರಡು ಕೈಗೆ ಎರಡು ನೀರಿನ ಕ್ಯಾನು. ದಿನಕ್ಕೆ ಹತ್ತು ಸಲ. ಮೊಣಕಾಲು ಆಗಲೇ ಅಳತೊಡಗಿತು.

ಆಗ ಅವನ ತಲೆಗೆ ಒಂದು ಯೋಚನೆ ಬಂತು. ನಲವತ್ತು ವರ್ಷ ಗಣಿಗೆ ಇಳಿಯುವವರಿಗೆ ದೀಪ ಹಂಚುವ ಕೋಣೆಯಲ್ಲಿ ಒಂದು ದೀಪವನ್ನೂ ತಪ್ಪು ಕೈಗೆ ಕೊಡದ ಪ್ರಾಮಾಣಿಕನಿಗೆ ಬರಬಾರದಿದ್ದ ಯೋಚನೆ. ಗಿಡದಲ್ಲಿ ಅದೇ ಜಾತಿಯ ಹೂ ಇದೆ. ಏಳು ದಿನ ಬಾಳಿದ ಹೂವಿಗೂ ಏಳು ನಿಮಿಷದ ಹೂವಿಗೂ ಏನು ವ್ಯತ್ಯಾಸ? ಎರಡೂ ಏಳೇ ಅಲ್ಲವೇ.

ಹನ್ನೊಂದೂವರೆಗೆ ತೋಟದಲ್ಲಿ ಬಗ್ಗಿ ಐದು ಹೂ ಕೊಯ್ದ. ಹುಳ ಹಿಡಿಯಲು ಕೋಲಿನ ಮೇಲೆ ಬೋರಲು ಹಾಕಿದ್ದ ಹುಲ್ಲು ತುಂಬಿದ ಕುಂಡಗಳು ಬೋಳುತಲೆಯ ಸಾಕ್ಷಿಗಳಂತೆ ನೋಡಿದವು. ಗುಡಿಸಲಿನಲ್ಲಿ ಒಂದು ಜಾಮಿನ ಜಾಡಿ ಸಿಕ್ಕಿತು. ಚಹಾ ಪೊಟ್ಟಣದ ಹಿಂಬದಿ ಹರಿದು ‘11’ ಎಂದು ಬರೆದ. ನೀಲಿ ಉಣ್ಣೆ? ಅದೂ ದೂರವಿರಲಿಲ್ಲ. ಕಾರ್ಯದರ್ಶಿಯ ಹೆಂಡತಿ ಮಿಸೆಸ್ ಆರ್ಡ್ ತನ್ನ ಅಂಗಡಿಯಲ್ಲಿ ಅದೇ ಉಣ್ಣೆಯನ್ನು ಅರ್ಧ ಬೆಲೆಗೆ ಇಡೀ ಊರಿಗೆ ಮಾರಿದ್ದಳು. ಅದರಲ್ಲೇ ಹಿಲ್ಡಾ ಹೆಣೆದ ತೋಳಿಲ್ಲದ ಸ್ವೆಟರು ಸೆಪ್‌ನ ಮೈಮೇಲೇ ಇತ್ತು. ಅಂಚಿನಿಂದ ಒಂದು ಎಳೆ ಎಳೆದ, ಐದು ತುಂಡು ಮಾಡಿ ಕಟ್ಟಿದ, ಜಾಡಿ ಅಪ್ಪಿಕೊಂಡು ಓಡಿದ.

ಬಿಚ್ಚಿದ ಎಳೆಯ ತುದಿ ತೋಟದ ಗೇಟಿನ ಮೊಳೆಗೆ ಸಿಕ್ಕಿಕೊಂಡದ್ದು ಅವನಿಗೆ ತಿಳಿಯಲಿಲ್ಲ. ಅವನು ಓಡಿದಷ್ಟೂ ಸ್ವೆಟರು ಬಿಚ್ಚುತ್ತ ಹೋಯಿತು. ಅಂಚೆ ಕಚೇರಿಯ ಹತ್ತಿರ ಅದು ಸೊಂಟ ಬಿಟ್ಟಿತು. ಬ್ರೆಡ್ ಅಂಗಡಿಯ ತಿರುವಿನಲ್ಲಿ ಹೊಕ್ಕುಳ ದಾಟಿತು. ಸಭಾಭವನ ಹೊಕ್ಕಾಗ ಎದೆಯ ಮೇಲೆ ಮೂರಂಗುಲ ಉಳಿದಿತ್ತು.

“ಸ್ವೆಟರ್ ಯಾರದೋ? ಮೊಮ್ಮಗನದ್ದಾ?” ಎಂದ ಸ್ಟೋಬಾರ್ಟ್.

ಸೆಪ್ ಜಾಡಿಯನ್ನು ಮೇಜಿಗಿಟ್ಟ. ಗಡಿಯಾರ ಹನ್ನೆರಡು ಹೊಡೆಯಿತು.

ತೀರ್ಪುಗಾರ್ತಿ ಮಿಸ್ ಫೆನ್ವಿಕ್ ಪಕ್ಕದ ಪಟ್ಟಣದವಳು. ಹಿಂದಿನ ದಿನವೇ ಬಂದು ಊರಿನ ಲಾಡ್ಜಿಂಗ್ ಮನೆಯಲ್ಲಿ ಇಳಿದುಕೊಂಡಿದ್ದಳು. ಕಡ್ಡಿಯಂಥ ಹೆಂಗಸು, ಕಣ್ಣು ಮಾತ್ರ ಹದ್ದಿನದು. ಜಾಡಿ ಜಾಡಿಯ ಮುಂದೆ ನಿಂತು “ಪಾಪ”, “ಅಯ್ಯೋ ಪಾಪ” ಎನ್ನುತ್ತ ಬಂದಳು. ಎಲ್ಲರ ಹೂಗಳೂ ಕತ್ತು ಇಳಿಬಿಟ್ಟಿದ್ದವು. ಸ್ಟೋಬಾರ್ಟ್‌ನ ಐದರಲ್ಲಿ ಮೂರು ಮಾತ್ರ ಹೇಗೋ ತಲೆ ಎತ್ತಿದ್ದವು. ಹನ್ನೊಂದನೇ ಜಾಡಿಯ ಮುಂದೆ ಅವಳು ನಿಂತೇಬಿಟ್ಟಳು.

“ಅದ್ಭುತ. ಹಿಂದಿನ ಎಸಳೂ ಸೊರಗಿಲ್ಲ. ಏಳು ದಿನದ ಹೂ ಅಂದ್ರೆ ನಂಬೋಕೇ ಆಗಲ್ಲ.”

ಅವಳು ಹೂವನ್ನು ತಿರುಗಿಸಿದಳು. ಎಸಳುಗಳ ನಡುವಿನಿಂದ ಬಾಲದಲ್ಲಿ ಇಕ್ಕಳವಿದ್ದ ಒಂದು ಹುಳ ಮೈಮುರಿದು ಹೊರಬಂದು ಅವಳ ಕೈಗವಸಿನ ಮೇಲೆ ನಡೆಯಿತು.

“ಈತ ಏಳು ದಿನದಿಂದ ಇಲ್ಲೇ ಬಾಡಿಗೆಗೆ ಇದ್ದಾನಾ ಮಿಸ್ಟರ್ ಹೆಪಲ್?”

“ಅವನು... ಮನೆಯವನ ಹಾಗೇ ಆಗ್ಬಿಟ್ಟಿದ್ದ ಮೇಡಂ” ಎಂದ ಸೆಪ್. ಜನ ನಕ್ಕರು. ಮಿಸ್ ಫೆನ್ವಿಕ್ ಕೂಡ ನಕ್ಕಳು. ಸೆಪ್‌ಗೆ ಜೀವ ಬಂತು. ಗೆದ್ದೆ ಎಂದುಕೊಂಡ.

“ಬೆಳಿಗ್ಗೆಯಿಂದ ಒಂದು ವಿಷಯಕ್ಕೆ ಕಾಯ್ತಾ ಇದ್ದೆ” ಎಂದಳು ಅವಳು. “ಇವತ್ತು ನನ್ನ ಚಹಾ ಮೇಜಿನ ಮೇಲೆ ಒಂದು ಜಾಡಿ ಹೂ ಇತ್ತು. ಚರ್ಚಿನ ಮೆಟ್ಟಿಲ ಮೇಲೆ ಸಿಕ್ಕಿತು ಅಂತ ಮನೆಯಾಕೆ ತಂದಿಟ್ಟಿದ್ದು. ಅದರಲ್ಲಿ ನೀಲಿ ಉಣ್ಣೆ ಕಂಡೆ, ನಂಬರ್ ಕಂಡೆ. ಆ ನಂಬರಿನವರು ತೀರ್ಪುಗಾರ್ತಿಗೆ ಮೊದಲೇ ಹೂ ತಲುಪಿಸಿ ಒಲಿಸ್ಕೊಳ್ಳೋ ದಾರಿ ಹುಡುಕಿದ್ದಾರೆ, ಇಲ್ಲಿ ಅವರ ಜಾಗ ಖಾಲಿ ಇರುತ್ತೆ, ಆಗ ಹಿಡೀತೀನಿ ಅಂದ್ಕೊಂಡೆ. ನೋಡಿದ್ರೆ ಜಾಗ ಖಾಲಿ ಇಲ್ಲ.”

ಬುಟ್ಟಿಯಿಂದ ಜಾಡಿಯನ್ನು ತೆಗೆದು ಮೇಜಿನ ಮೇಲಿಟ್ಟಳು. ಐದು ಕಡುಗೆಂಪು ಹೂ, ಒಂದೂ ಬಾಡಿಲ್ಲ. ನೀರಿನ ತಳದಲ್ಲಿ ತಾಮ್ರದ ಪೆನ್ನಿ. ಜಾಡಿಯ ಮೇಲೆ ಆರ್ಡ್‌ನ ದುಂಡು ಅಕ್ಷರದಲ್ಲಿ ‘11’. ಮೆಟ್ಟಿಲ ಮೇಲೆ ಡ್ಯೂಕ್ ತಿಂದದ್ದು ಬೇರೆ ಯಾರದೋ ಜಾಡಿಯ ಹೂವನ್ನು.

“ಚೀಟಿ ಬೇರೆ ಇದೆ. ‘ಬೇಗ ಗುಣವಾಗಲಿ’ ಅಂತ. ನನಗೇನಾಗಿದೆ?”

ಜನರ ನಡುವಿನಿಂದ ಹಿಲ್ಡಾಳ ದನಿ ಸಂತೋಷದಿಂದ ಹಾರಿಬಂತು. “ಅಯ್ಯೋ ಸೆಪ್! ಸಿಕ್ಕಿತಲ್ಲೋ ನಮ್ಮ ಜಾಡಿ! ನೋಡು, ನಾನು ಬರೆದ ಚೀಟಿ!”

ಅದೇ ಹೊತ್ತಿಗೆ ಅಂಚೆಯವನು ನೀಲಿ ಉಣ್ಣೆಯ ದೊಡ್ಡ ಉಂಡೆ ಸುತ್ತುತ್ತ ಬಾಗಿಲಿಂದ ಒಳಬಂದ. “ತೋಟದ ಗೇಟಿಂದ ಸುತ್ಕೊಂಡು ಬರ್ತಾ ಇದ್ದೀನಿ, ಇದು ಯಾರದ್ರೀ?” ಎಂದು ಎಳೆಯನ್ನು ಹಿಡಿದು ನಡೆದು, ಸೆಪ್‌ನ ಎದೆಯ ಬಳಿ ಬಂದು ನಿಂತ.

ಮಿಸ್ಟರ್ ಆರ್ಡ್ ಕನ್ನಡಕ ಏರಿಸಿ ನಿಯಮದ ಪುಸ್ತಕ ತೆರೆದ. “ನಾಲ್ಕನೇ ನಿಯಮ. ಹೊಸ ಹೂ ಇಟ್ಟವರು ಸ್ಪರ್ಧೆಯಿಂದ ಹೊರಗೆ. ಹಾಗಾಗಿ ಈ ಹನ್ನೊಂದು ಹೊರಗೆ. ಒಂಬತ್ತನೇ ನಿಯಮ. ತೀರ್ಪಿಗೆ ಮುಂಚೆ ತೀರ್ಪುಗಾರರ ಕೈಗೆ ಹೂ ಸೇರಿದರೆ, ಕಾರಣ ಏನೇ ಇರ್ಲಿ, ಹೊರಗೆ. ಹಾಗಾಗಿ ಆ ಹನ್ನೊಂದೂ ಹೊರಗೆ.” ಪುಟ ತಿರುಗಿಸಿ ತಲೆ ಕೆರೆದುಕೊಂಡ. “ಒಬ್ಬನೇ ಮನುಷ್ಯ ಒಂದೇ ಸ್ಪರ್ಧೆಯಿಂದ ಎರಡು ಸಲ ಹೊರಗೆ ಹೋದದ್ದು ನಮ್ಮ ಸಂಘದಲ್ಲಿ ಇದೇ ಮೊದಲು. ಇದಕ್ಕೆ ನಿಯಮ ಇಲ್ಲ.”

“ಇದನ್ನೇ ಸುಮ್ಮನೆ ಇಲ್ಲಿ ಇಟ್ಟಿದ್ರೆ ಕಣ್ಣು ಮುಚ್ಚಿ ಮೊದಲ ಬಹುಮಾನ ಕೊಡ್ತಿದ್ದೆ” ಎಂದಳು ಮಿಸ್ ಫೆನ್ವಿಕ್, ನಿಜವಾದ ಬೇಸರದಿಂದ.

ಬಹುಮಾನ ಸ್ಟೋಬಾರ್ಟ್‌ನ ಮೂರು ಹೂವಿಗೆ ಹೋಯಿತು. ನಲ್ಲಿಯ ಪಟ್ಟಿಯೂ ಅವನಿಗೇ. ಅಳತೆ ಬೆಳಿಗ್ಗೆಯೇ ಆಗಿತ್ತಲ್ಲ.

ಹಿಲ್ಡಾ ಜಾಡಿಯನ್ನು ಮನೆಗೆ ತಂದು ಮುಂದಿನ ಕೋಣೆಯ ಮೇಜಿನ ಮೇಲಿಟ್ಟು, “ಮೂವತ್ತು ವರ್ಷಕ್ಕೆ ಒಂದು ಜಾಡಿ ಹೂ ಮನೆಗೆ ಬಂತು ಬಿಡು” ಎಂದಳು. ಅಲ್ಲಿ ಬಿಸಿಲಿತ್ತು, ಒಲೆಯ ಶಾಖವಿತ್ತು, ಪಕ್ಕದಲ್ಲೇ ಸೇಬಿನ ಬುಟ್ಟಿಯಿತ್ತು. ಆದರೂ ಆ ಹೂಗಳು ಇನ್ನೂ ನಾಲ್ಕು ದಿನ ಬಾಳಿದವು. ಒಟ್ಟು ಹನ್ನೊಂದು ದಿನ. ಬರೆದುಕೊಳ್ಳಲು ಯಾರೂ ಬರಲಿಲ್ಲ.

ಮುಂದಿನ ವಾರ ಸೆಪ್ ಎರಡು ಕ್ಯಾನು ಹಿಡಿದು ನಲ್ಲಿಗೆ ಬಂದಾಗ ಸ್ಟೋಬಾರ್ಟ್ ಪಿಸುಗುಟ್ಟಿದ. “ಹನ್ನೊಂದು ದಿನವಂತೆ! ಗುಟ್ಟೇನೋ? ಹೇಳಿದ್ರೆ ಕ್ಯಾನು ತುಂಬಿಸೋ ತನಕ ನಲ್ಲಿ ಹಿಡ್ಕೋತೀನಿ.”

ಸೆಪ್ ಯೋಚಿಸಿದ. “ಹೂವನ್ನ ಒಂದು ಕಡೆ ಇಡಬಾರದು ಕಣಯ್ಯಾ. ಹೆಂಡತಿ ಕೈಗೆ ಕೊಟ್ಬಿಡು. ಅವಳು ಪಕ್ಕದ ಮನೆಗೆ, ಅವರು ಚರ್ಚಿಗೆ, ಹೀಗೆ ಊರೆಲ್ಲ ತಿರುಗ್ತಾ ಇದ್ರೆ ಅದಕ್ಕೆ ಬಾಡೋದಕ್ಕೆ ಪುರುಸೊತ್ತೇ ಸಿಗಲ್ಲ.”

ಸ್ಟೋಬಾರ್ಟ್ ಅದನ್ನು ನಂಬಿ ಗಂಭೀರವಾಗಿ ತಲೆಯಾಡಿಸಿದ. ಸೆಪ್ ತುಂಬಿದ ಕ್ಯಾನುಗಳನ್ನು ಎತ್ತಿಕೊಂಡು ದಿಬ್ಬದ ಕಡೆ ತಿರುಗಿ ಎಣಿಸತೊಡಗಿದ. ಒಂದು. ಎರಡು. ಮೂರು.