ಟ್ರ್ಯಾಕ್ಟರಿನ ಹೊಟ್ಟೆಗೆ ಹೋದ ಮಂಚ

ನಮ್ಮ ಸೋದರಮಾವನ ಮನೆಯಲ್ಲಿ ಕೂರುವ ಮುನ್ನ ಕುರ್ಚಿ ಇನ್ನೂ ಕುರ್ಚಿಯಾಗಿಯೇ ಇದೆಯೇ ಎಂದು ಬಗ್ಗಿ ನೋಡಿಕೊಳ್ಳಬೇಕು! ಹೋದ ಸಲ ಅದರ ಕಾಲುಗಳು ಕೋಳಿಗೂಡಿಗೆ ಹೋಗಿದ್ದವು.

ಹಂಗಳದ ಹತ್ತಿರ ಅವನ ಮನೆ, ಹಿಂದೆಯೇ ತೆಂಗಿನ ತೋಟ. ಕಳೆದ ಮಳೆಗಾಲ ಆ ತೋಟದ ಹುಲ್ಲಿನಲ್ಲಿ ಅತ್ತೆಗೆ ಹಾವು ಕಚ್ಚಿತು. ಜೀವ ಉಳಿಯಿತು, ಧೈರ್ಯ ಉಳಿಯಲಿಲ್ಲ. ದಿನಾ ಬೆಳಿಗ್ಗೆ ತೋಟದ ಕೊನೆಯ ಗಿಡದಿಂದ ಕಾಕಡ ಹೂ ಬಿಡಿಸಿ ಮುಡಿದೇ ಒಲೆ ಹಚ್ಚುತ್ತಿದ್ದವಳು ಹಿತ್ತಲ ಮೆಟ್ಟಿಲು ಇಳಿಯುವುದನ್ನೇ ಬಿಟ್ಟಳು.

ಬೇರೆಯವರಾಗಿದ್ದರೆ ಏನು ಮಾಡುತ್ತಿದ್ದರು? ಆಳು ಕರೆದು ಹುಲ್ಲು ಕೊಯ್ಯಿಸುತ್ತಿದ್ದರು. ಮಾವ ಮೊಬೈಲಿನಲ್ಲಿ ವಿಡಿಯೋ ನೋಡಿದ!

"ಫಾರಿನ್ನಲ್ಲಿ ಟ್ರ್ಯಾಕ್ಟರ್ ಹೊಟ್ಟೆ ಕೆಳ್ಗೇ ಹುಲ್ಲು ಕತ್ತರ್ಸೋ ಮಿಷಿನ್ ಕಟ್ತರೆ ಕಣ್ಲಾ. ಓಯ್ತಾ ಓಯ್ತಾ ಕ್ಷೌರ ಮಾಡ್ಬುಡ್ತದೆ!"

ಅವನ ಟ್ರ್ಯಾಕ್ಟರೋ, ಅಪ್ಪನ ಕಾಲದ್ದು. ಇಳಿಜಾರಿನಲ್ಲಿ ನಿಲ್ಲಿಸಿದ್ದರೆ ಮಾತ್ರ ಸ್ಟಾರ್ಟ್ ಆಗುವಂಥದ್ದು. ವಯಸ್ಸಿನಲ್ಲಿ ನನಗಿಂತ ಹಿರಿದು. ಹೋದಾಗ ಅದಕ್ಕೂ ಒಂದು ನಮಸ್ಕಾರ ಹಾಕುತ್ತೇನೆ.

ಮುಂದಿನ ವಾರ ಹೋದರೆ ಅತ್ತೆ ನೆಲದ ಮೇಲೆ ಹಾಸಿಗೆ ಹಾಸುತ್ತಿದ್ದಳು.

"ಮಂಚ ಎಲ್ಲತ್ತೆ?"

"ನೋಡೋಗಪ್ಪ, ಟ್ರ್ಯಾಕ್ಟರ್ ಕೆಳ್ಗೆ!"

ಓಡಿ ಹೋಗಿ ಬಗ್ಗಿ ನೋಡಿದೆ. ಅತ್ತೆಯ ತವರಿನವರು ಮದುವೆಗೆ ಕೊಟ್ಟ ಕಬ್ಬಿಣದ ಮಂಚ, ಬೇಗೂರಿನ ವೆಲ್ಡಿಂಗ್ ಅಂಗಡಿಗೆ ಹೋಗಿ ಬಂದು, ಟ್ರ್ಯಾಕ್ಟರಿನ ಹೊಟ್ಟೆಗೆ ನೇತುಬಿದ್ದಿತ್ತು! ಲಾರಿಯ ಸ್ಪ್ರಿಂಗ್ ಪಟ್ಟಾ ಮಸೆದು ಮಾಡಿದ ಎರಡು ಬ್ಲೇಡು. ತಿರುಗಿಸಲು ರಾಗಿ ಮಿಲ್ಲಿನ ಹಳೇ ಬೆಲ್ಟು.

ಶುಕ್ರವಾರ ತೋಟದಲ್ಲೇ ಪೂಜೆ. ಬೂದುಗುಂಬಳ ನಿವಾಳಿಸಿ ನೆಲಕ್ಕೆ ಒಡೆಯುವುದು ಲೋಕರೂಢಿ. ಮಾವ ಮಾತ್ರ ಕಾಯನ್ನು ಕೊರೆದು, ಕುಂಕುಮದ ನೀರು ತುಂಬಿ, ಮುಂದಿನ ಚಕ್ರಗಳ ನಡುವೆ ಇಟ್ಟ!

"ಮಾವ, ಅದನ್ನ ನೀನು ಒಡೀಬೇಕು!"

"ಸುಮ್ಕಿರ್ಲಾ. ಬಲಿ ತಕ್ಕಳೋನು ಈ ಮಿಷಿನಪ್ಪ. ಅವ್ನೇ ಒಡ್ಕಳ್ಲಿ ಬುಡು."

ಟ್ರ್ಯಾಕ್ಟರ್ ಗುಡುಗಿತು, ಬ್ಲೇಡು ಗಿರ್ರೆಂದಿತು, ಮಾವ ಮುಂದಕ್ಕೆ ಬಿಟ್ಟ. ಫಡಾರ್! ಬೆಲ್ಟು ಹರಿಯಿತು, ಇಂಜಿನ್ ನಿಂತಿತು. ಹೊಗೆಯ ನಡುವೆ ಮಾವ ತಲೆಯಿಂದ ಪಾದದವರೆಗೆ ಕೆಂಪು!

"ಅಯ್ಯೋ ನನ್ನ ಶಿವ್ನೇ! ಕಾಲು ಓಯ್ತಲ್ಲಪ್ಪೋ!"

ಅತ್ತೆ ಚೀರುತ್ತ ಹಿತ್ತಲ ಮೆಟ್ಟಿಲಿಂದ ಹಾರಿ, ಬರಿಗಾಲಲ್ಲಿ ಓಡಿ ಬಂದಳು. ಮಾವನ ಎರಡೂ ಕಾಲು ಮುಟ್ಟಿ ಮುಟ್ಟಿ ನೋಡಿದಳು. ಕೈಗೆ ಕುಂಬಳದ ಬೀಜ ಸಿಕ್ಕಿತು. ಬೆನ್ನಿಗೊಂದು ಗುದ್ದು!

"ನಿನ್ ಮನೆ ಕಾಯ್ವಾಗ! ಮಂಚನೂ ತಿಂದೆ, ಈಗ ನನ್ ಜೀವಾನೂ ತಿಂತಿದ್ದಲ್ಲಾ!"

ಮಾವ ಅವಳ ಕಾಲುಗಳನ್ನೇ ನೋಡುತ್ತಿದ್ದ. ಅವಳೂ ನೋಡಿಕೊಂಡಳು. ಮೊಣಕಾಲುದ್ದ ಹುಲ್ಲು! ಅಲ್ಲೇ ಕಲ್ಲಾಗಿ, ಅವನ ಅಂಗಿ ಹಿಡಿದುಕೊಂಡಳು.

ಮಾವ ಇಳಿದು ಪಂಚೆ ಎತ್ತಿ ಕಟ್ಟಿದ. "ನಾ ಹೆಜ್ಜೆ ಮಡಗಿದ ಕಡೇನೇ ಮಡಗು. ಬಾ."

ಕೋಲಿನಿಂದ ಬಡಿಯುತ್ತ, ಹುಲ್ಲನ್ನು ಪಾದದಲ್ಲಿ ಒತ್ತಿ ಒತ್ತಿ ಮಲಗಿಸುತ್ತ ಹೊರಟ. ಮನೆಯ ಕಡೆಗಲ್ಲ, ತೋಟದ ಕೊನೆಗೆ.

ತಿರುಗಿ ಬರುವಾಗ ಅತ್ತೆಯ ತಲೆಯಲ್ಲಿ ಕಾಕಡ ಇತ್ತು. ಮಂಚದ ಬಗ್ಗೆ ಬೈಗುಳ ಇನ್ನೂ ಮುಗಿದಿರಲಿಲ್ಲ. ಅವನ ಕೆಂಪಾದ ಅಂಗಿಯ ತುದಿ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು.