ಫೋನಿನೊಳಗಿನ ಡಾಕ್ಟರ ಜೊತೆ ಚೌಕಾಸಿ

ಗಂಡನಿಗೆ ತುಂಬಾ ಎಂಬ ಮಲಯಾಳಿ ಕಡಲೂರಿನ ರಾಕೆಟ್ ಕೇಂದ್ರದಲ್ಲಿ ಕೆಲಸ, ನನಗೆ ಅಲ್ಲಿನ ಮೀನುಗಾರರ ಓಣಿಯಲ್ಲಿ. ನನ್ನದಕ್ಕೆ ಸಂಬಳವಿಲ್ಲ. ಅಲ್ಲಿಯ ಹೆಂಗಸರನ್ನು ಫೋನಿನ ಮುಂದೆ ಕೂರಿಸಿ, ವಿಡಿಯೊ ಆ್ಯಪ್‌ನಲ್ಲಿ ನಗರದ ದೊಡ್ಡಾಸ್ಪತ್ರೆಯ ಡಾಕ್ಟರಿಗೆ ತೋರಿಸುವುದು. ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಆದರೂ ಆ ಆ್ಯಪ್ ಮುಂದೆ ಕೂತಿದ್ದೇ ಕೂತಿದ್ದು, ಕೂತಾಗಲೆಲ್ಲ ಒಂದಲ್ಲ ಒಂದು ಫಜೀತಿ.

ಅರ್ಧ ಡಬ್ಬಿ ಪೌಡರ್

ಡಾಕ್ಟರನ್ನು ಕಾಣುವಾಗ ನೀಟಾಗಿರಬೇಕು ಎಂಬುದು ಇಲ್ಲಿಯವರ ಪದ್ಧತಿ. ಡಾಕ್ಟರು ಫೋನಿನೊಳಗಿದ್ದರೂ ಅಷ್ಟೇ. ಕೆಮ್ಮು ಎಂದು ಬಂದವಳೊಬ್ಬಳು ಇಸ್ತ್ರಿ ಸೀರೆ ಉಟ್ಟು, ಮುಖಕ್ಕೆ ಅರ್ಧ ಡಬ್ಬಿ ಪೌಡರ್ ಬಡಿದುಕೊಂಡು ಕೂತಳು. ಡಾಕ್ಟರು ಕೆಮ್ಮಿನ ಮಾತು ಬಿಟ್ಟು, ಇವರ ಮೈಯಲ್ಲಿ ರಕ್ತವೇ ಇದ್ದಂತಿಲ್ಲ, ಮೊದಲು ರಕ್ತ ಪರೀಕ್ಷೆ ಮಾಡಿಸಿ ಎಂದರು. ಮುಖ ತೊಳೆದು ಬಾ ಮಾರಾಯ್ತಿ ಎಂದು ಓಡಿಸಿದೆ. ತೊಳೆದಳು. ಮತ್ತೆ ಪೌಡರ್ ಹಚ್ಚಿಕೊಂಡೇ ಬಂದಳು.

ಕಡಲಿಗೆ ಹೋದ ಫೋನು

ಈ ಓಣಿಯಲ್ಲಿ ಮನೆಗೆಲ್ಲ ಒಂದೇ ಫೋನು, ಅದು ಗಂಡನ ಜೊತೆ ದೋಣಿ ಹತ್ತುತ್ತದೆ. ಒಬ್ಬಳ ಮಂಡಿನೋವಿಗೆ ಅವಳ ಮನೆಯ ನಂಬರಿನಲ್ಲೇ ಟೋಕನ್ ಹಾಕಿಟ್ಟಿದ್ದೆ. ಸರದಿ ಬಂದಾಗ ಕರೆ ಎತ್ತಿದ್ದು ದೋಣಿಯಲ್ಲಿದ್ದ ಗಂಡ. ನೋವು ಎಲ್ಲಿ ಎಂದು ಡಾಕ್ಟರು ಕೇಳಿದರಂತೆ. ಇವನು ತನ್ನ ನೋವನ್ನೇ ನೆನೆದು ಸೊಂಟದಲ್ಲಿ ಎಂದನಂತೆ. ಹೆಂಡತಿಯ ಪರವಾಗಿ ಹೇಳುತ್ತಿದ್ದಾನೆ ಎಂದು ಅವರು ತಿಳಿದರು. ಬಂದ ಚೀಟಿಯಲ್ಲಿ ಹೆಸರು ಅವಳದು, ಮದ್ದು ಅವನದು. ನಾನು ತಲೆ ಚಚ್ಚಿಕೊಂಡೆ. ಅವಳು ಮಾತ್ರ ಚೀಟಿಯ ಕೊನೆಯ ಸಾಲನ್ನು ಎರಡು ಸಲ ಓದಿಸಿದಳು: ಭಾರ ಎತ್ತಬಾರದು. ಹೆಸರು ನನ್ನದೇ ತಾನೇ ಎಂದು, ಅಂದಿನಿಂದ ನೀರಿನ ಕೊಡವನ್ನು ಗಂಡನ ಕೈಗೇ ಕೊಟ್ಟಳು.

ಅಮ್ಮಚ್ಚಿಯ ಹೆಬ್ಬೆರಳು

ಮೀನು ಮಾರುವ ಅಮ್ಮಚ್ಚಿಗೆ ಸಕ್ಕರೆ ಕಾಯಿಲೆ. ಕಾಲಿನ ಹೆಬ್ಬೆರಳು ಕೀವುಗಟ್ಟಿ ಊದಿತ್ತು. ತಡಮಾಡಿದರೆ ಬೆರಳೇ ಹೋಗುತ್ತದೆ ಎಂದು ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಆಸ್ಪತ್ರೆ ಎಂದರೆ ಆಕೆ ಬುಟ್ಟಿ ಎತ್ತಿ ಹೊರಟೇಬಿಡುವಳು. ಕಾಡಿ ಬೇಡಿ ಫೋನಿನ ಮುಂದೆ ಕೂರಿಸಿದೆ.

ಆಚೆ ಇದ್ದದ್ದು ಹೊಸ ಡಾಕ್ಟರು. ಕಾಲು ನೋಡಿ, ಇವತ್ತೇ ಬಂದು ಎಂಟು ದಿನ ಅಡ್ಮಿಟ್ ಆಗಬೇಕು ಎಂದರು.

"ಎರಡು ದಿನ," ಎಂದಳು ಅಮ್ಮಚ್ಚಿ.

ಡಾಕ್ಟರು ಏಳಕ್ಕೆ ಇಳಿದರು. ಆಕೆ ಫೋನನ್ನೇ ಕಟ್ ಮಾಡಿದಳು. ನನಗೆ ಮೈಯೆಲ್ಲ ಉರಿಯಿತು. ಎದ್ದು ಅಂಗಳದಲ್ಲಿ ಶತಪಥ ಹಾಕತೊಡಗಿದೆ. ಆಕೆ ವೀಳ್ಯ ಮೆಲ್ಲುತ್ತ, ಮಗಳಿಗೆ ಹೇಳುವಂತೆ, "ಸುಮ್ಮನಿರು ಮೋಳೇ. ಗಿರಾಕಿ ಎದ್ದು ನಡೆದರೆ ನಾನೂ ಹಿಂದಿನಿಂದ ಕೂಗಿ ಕರೆಯುವವಳೇ," ಎಂದಳು.

ಫೋನು ಬಡಿದುಕೊಂಡಿತು. ಡಾಕ್ಟರೇ. ಐದು ದಿನಕ್ಕೆ ವ್ಯಾಪಾರ ಕುದುರಿತು. ಲಾಭ ಮಾಡಿದವಳ ಮುಖ ಹೊತ್ತು ಅಮ್ಮಚ್ಚಿ ಆಟೊ ಹತ್ತಿದಳು. ಬೆರಳು ಉಳಿಯಿತು.

ಡಿಸ್ಚಾರ್ಜ್ ದಿನ ಆ ಡಾಕ್ಟರು ವಾರ್ಡಿನಲ್ಲಿ ಸಿಕ್ಕರು. ಇಷ್ಟು ಚೌಕಾಸಿಗೆ ನಿಮಗೆ ಸಿಟ್ಟು ಬರಲಿಲ್ಲವೇ ಎಂದು ಕೇಳಿದೆ.

"ನನ್ನಮ್ಮನೂ ಮೀನು ಮಾರಿದವಳೇ ಚೇಚಿ," ಎಂದು ನನ್ನನ್ನು ಅಕ್ಕನೆಂದೇ ಕರೆದು ನಕ್ಕರು. "ಬೇಕಾಗಿದ್ದದ್ದು ಐದೇ ದಿನ. ಮೊದಲೇ ನಿಜವಾದ ಬೆಲೆ ಹೇಳಿದ್ದರೆ ಅಮ್ಮಚ್ಚಿ ಬರುತ್ತಿದ್ದರೇ?"